ಎರಡು ಹಾಡುಗಳ ನಡುವಿನ 16 ಸೆಕೆಂಡು

ಕಾಸರಗೋಡಿನ ಉಪ್ಪಳದ ಹತ್ತಿರ ಒಂದು ಮೆಹಂದಿ. ಮದುವೆಯ ಹಿಂದಿನ ದಿನದ ಸಂಜೆ. ಮನೆಯಂಗಳದಲ್ಲಿ ಶಾಮಿಯಾನ, ಅದರ ಒಂದು ಮೂಲೆಯಲ್ಲಿ ಡಿಜೆಯಾದ ನನ್ನ ಮಿಕ್ಸರು, ಲ್ಯಾಪ್‌ಟಾಪು, ಎರಡು ಬದಿ ಸ್ಪೀಕರು. ಕೇರಳದ ಮುಸ್ಲಿಮರ ಒಂದು ಮಾಪ್ಪಿಳ ಹಾಡು ಮುಗಿಯುತ್ತಾ ಬಂದಿತ್ತು. ಅದರ ಬೆನ್ನಿಗೇ ಒಂದು ತುಳು ಹಾಡು ತರಬೇಕು ಅಂತ ಮೊದಲೇ ಲೆಕ್ಕ ಹಾಕಿಟ್ಟಿದ್ದೆ. ಎರಡರ ವೇಗವೂ ನಿಮಿಷಕ್ಕೆ 120 ಪೆಟ್ಟು. ಹೋಗುವ ಹಾಡಿನ ಕೊನೆಯ ಎಂಟು ಆವರ್ತದ ಮೇಲೆ ಬರುವ ಹಾಡಿನ ಮೊದಲ ಎಂಟು ಆವರ್ತ ಕೂರಿಸಿದೆ. ಆವರ್ತಕ್ಕೆ ನಾಲ್ಕು ಪೆಟ್ಟಿನಂತೆ ಒಟ್ಟು 32 ಪೆಟ್ಟು. ಆ ವೇಗದಲ್ಲಿ ಸರಿಯಾಗಿ 16 ಸೆಕೆಂಡು.

ಒಂದು ಪೆಟ್ಟೂ ಆಚೀಚೆ ಆಗಲಿಲ್ಲ. ಆದರೂ ಆ 16 ಸೆಕೆಂಡು ಕೇಳಲು ಆಗಲಿಲ್ಲ. ಹುಳಿ ಕಲಸಿದ ಹಾಲಿನ ಹಾಗೆ ಏನೋ ಒಡೆಯಿತು. ಕುಣಿಯುತ್ತಿದ್ದವರು ನಿಲ್ಲಲಿಲ್ಲ, ಆದರೆ ಕೈಗಳು ಕೆಳಗೆ ಬಂದವು. ಕೆಲವರು ನೀರು ಕುಡಿಯಲು ಹೋದರು. ಹಾಡು ಪೂರ್ತಿ ಬದಲಾದ ಮೇಲೆ ಮತ್ತೆ ಬಂದರು.

ಆ ಮನೆಯವರು ನಮಗೆ ನೆಂಟರು. ಹಾಗಾಗಿ ನನ್ನ ಸೋದರಮಾವನೂ ಬಂದಿದ್ದರು. ಮಾವ ಬಹಳ ವರ್ಷ ಯಕ್ಷಗಾನ ಮೇಳದಲ್ಲಿ ಮದ್ದಳೆ ಬಾರಿಸಿದವರು. ಹಿಂದಿನ ಸಾಲಿನ ಕುರ್ಚಿಯಲ್ಲಿ ಸುಮ್ನೆ ಕೂತಿದ್ದರು. ಮನೆಗೆ ವಾಪಸು ಬರುವಾಗ ಕಾರಿನಲ್ಲಿ ಹೇಳಿದರು.

"ತಾಳ ಕೂತಿತ್ತು. ಶ್ರುತಿ ಕೂರಲಿಲ್ಲ. ಮೊದಲಿಂದು ಬಿಳಿ ಆರು. ಮತ್ತಿಂದು ಕಪ್ಪು ಐದು. ಅದು ಹೇಗೆ ಕೂರುದು ಮಾರಾಯ?"

ಹಾರ್ಮೋನಿಯಂ ಗೊತ್ತಿಲ್ಲದವರಿಗೆ ಒಂದು ಮಾತು. ನಮ್ಮ ಕಡೆ ಶ್ರುತಿಯನ್ನು ಹಾರ್ಮೋನಿಯಮ್ಮಿನ ಮನೆಗಳಿಂದಲೇ, ಅಂದರೆ ಒತ್ತುವ ಕೀಲಿಗಳಿಂದಲೇ ಹೇಳುತ್ತಾರೆ. ಬಿಳಿ ಒಂದು ಅಂದರೆ ಪಾಶ್ಚಾತ್ಯರ ಸಿ. ಬಿಳಿ ಎರಡು ಡಿ. ಹೀಗೆ ಬಿಳಿ ಆರಕ್ಕೆ ಎ ಬರುತ್ತದೆ. ಕಪ್ಪು ಐದು ಅದರ ಪಕ್ಕದ ಕಪ್ಪು ಮನೆ, ಬಿ ಫ್ಲಾಟ್. ಮನೆಗೆ ಬಂದು ಲ್ಯಾಪ್‌ಟಾಪ್ ತೆರೆದೆ. ಶ್ರುತಿಯ ಅಂಕಣದಲ್ಲಿ ಮೊದಲ ಹಾಡಿನ ಎದುರು 8ಎ ಅಂತ ಇತ್ತು, ಅಂದರೆ ಎ ಮೈನರ್, ಎ ಸ್ವರವನ್ನು ಸ ಮಾಡಿಕೊಂಡ ಮೈನರ್ ಎಂಬ ಪಾಶ್ಚಾತ್ಯ ಸ್ವರಶ್ರೇಣಿ. ಎರಡನೆಯದರ ಎದುರು 3ಎ, ಬಿ ಫ್ಲಾಟ್ ಮೈನರ್. ಮಾವ ಯಾವ ಪರದೆಯನ್ನೂ ನೋಡದೆ, ಗಲಾಟೆಯ ನಡುವೆ, ಕಿವಿಯಲ್ಲೇ ಹೇಳಿದ್ದು ಸರಿಯಿತ್ತು. ಆ ದಿನದವರೆಗೆ ನಾನು ಆ ಅಂಕಣವನ್ನು ನೋಡುತ್ತಲೇ ಇರಲಿಲ್ಲ. ಬಿಪಿಎಂ, ಅಂದರೆ ನಿಮಿಷಕ್ಕೆ ಎಷ್ಟು ಪೆಟ್ಟು ಅನ್ನುವುದು, ಅದೊಂದೇ ನೋಡುತ್ತಿದ್ದೆ.

ಅಲ್ಲಿಂದ ನಾನು ಕಲಿಯಲು ಕೂತೆ. ಈಗ ಹಾಡು ಆರಿಸುವಾಗ ನನಗೆ ಮೊದಲು ಬರುವ ಯೋಚನೆ ವೇಗದ್ದಲ್ಲ, ಶ್ರುತಿಯದ್ದು.

ಯಾಕೆ ಒಡೆಯಿತು ಅನ್ನುವುದಕ್ಕೆ ಗಟ್ಟಿ ಕಾರಣ ಇದೆ. ಬಿಳಿ ಆರರ ಒಂದು ಸ್ವರ ಸೆಕೆಂಡಿಗೆ 440 ಸಲ ಕಂಪಿಸುತ್ತದೆ. ಅದರ ಪಕ್ಕದ ಕಪ್ಪು ಐದು ಸುಮಾರು 466 ಸಲ. ಎರಡನ್ನೂ ಒಟ್ಟಿಗೆ ಬಾರಿಸಿದರೆ ಅಲೆಗಳು ಸೆಕೆಂಡಿಗೆ 26 ಸಲ ಒಂದರ ಮೇಲೊಂದು ಬಿದ್ದು ಏರಿಳಿಯುತ್ತವೆ. ಅಷ್ಟು ಬೇಗದ ಏರಿಳಿತವನ್ನು ಕಿವಿ ಎಣಿಸಲಾರದು. ಒರಟು ಅಂತ ಮಾತ್ರ ಗೊತ್ತಾಗುತ್ತದೆ. ಕೆಳಗಿನ ಬೇಸಿನಲ್ಲಿ ಇನ್ನೊಂದು ಥರ. ಅಲ್ಲಿ ಅದೇ ಎರಡು ಸ್ವರ 55 ಮತ್ತು ಸುಮಾರು 58 ಆಗಿರುತ್ತವೆ. ವ್ಯತ್ಯಾಸ ಬರೀ ಮೂರು. ಅಂದರೆ ಸೆಕೆಂಡಿಗೆ ಮೂರು ಸಲ ಇಡೀ ಬೇಸು ಉಬ್ಬಿ ಇಳಿಯುತ್ತದೆ. ನಾನು ಅಷ್ಟು ಕಷ್ಟಪಟ್ಟು ಕೂರಿಸಿದ ತಾಳದ ಜೊತೆ ಈ ಉಬ್ಬಿಳಿತಕ್ಕೆ ಯಾವ ಸಂಬಂಧವೂ ಇಲ್ಲ. ಕುಣಿಯುವವರ ಕಾಲಿಗೆ ಎರಡು ತಾಳ ಸಿಕ್ಕಿದ ಹಾಗಾಯಿತು. ಕೈ ಇಳಿದದ್ದು ಅದಕ್ಕೆ. ಈ ಬಗೆಯ ಉಬ್ಬಿಳಿತದಿಂದಲೇ ಅಪಸ್ವರ ಹುಟ್ಟುತ್ತದೆ ಅಂತ ಜರ್ಮನಿಯ ವಿಜ್ಞಾನಿ ಹೆಲ್ಮ್‌ಹೋಲ್ಟ್ಸ್ 1863ರಲ್ಲೇ ವಿವರವಾಗಿ ಬರೆದಿದ್ದಾರೆ.

ಓದುವಾಗ ನನಗೆ ಮಾವನ ಮದ್ದಳೆ ನೆನಪಾಯಿತು. ಚಿಕ್ಕವನಿದ್ದಾಗ ಯಕ್ಷಗಾನದ ಆಟಕ್ಕೆ ಅವರ ಜೊತೆ ಹೋಗುತ್ತಿದ್ದೆ. ಚೌಕಿಯಲ್ಲಿ ವೇಷದವರು ಬಣ್ಣ ಹಚ್ಚುವ ಹೊತ್ತಿಗೆ ಮಾವ ಒಂದು ಬದಿ ಕೂತು ಮದ್ದಳೆಯನ್ನು ಶ್ರುತಿಗೆ ತರುತ್ತಿದ್ದರು. ಶ್ರುತಿಪೆಟ್ಟಿಗೆ ಹಾಡುತ್ತಾ ಇರುತ್ತದೆ. ಮಾವ ಮದ್ದಳೆಯ ಅಂಚಿಗೆ ಸುತ್ತಿಗೆಯಿಂದ ಮೆಲ್ಲ ಬಡಿಯುತ್ತಾರೆ. ಬೆರಳಲ್ಲಿ ಒಮ್ಮೆ ನುಡಿಸುತ್ತಾರೆ. ತಲೆ ವಾಲಿಸುತ್ತಾರೆ. ಮತ್ತೆ ಬಡಿಯುತ್ತಾರೆ. "ಎಂತ ಕೇಳುದು ಮಾವ?" ಅಂತ ಒಮ್ಮೆ ಕೇಳಿದ್ದೆ. "ಅದು ನಡುಗುದನ್ನು ಕೇಳುದು. ನಡುಕ ನಿಂತರೆ ಸರಿಯಾಯ್ತು" ಅಂದಿದ್ದರು. ಹೆಲ್ಮ್‌ಹೋಲ್ಟ್ಸ್ ಹೇಳಿದ್ದೂ ಈ ನಡುಕವನ್ನೇ ಅಲ್ವಾ?

ಡಿಜೆಗಳು ಬಳಸುವ ಶ್ರುತಿಯ ಚಕ್ರಕ್ಕೆ ಕ್ಯಾಮೆಲಾಟ್ ಚಕ್ರ ಅನ್ನುತ್ತಾರೆ. ಮಾರ್ಕ್ ಡೇವಿಸ್ ಎಂಬವರು ಮಾಡಿದ್ದು. ಮಿಕ್ಸ್ಡ್ ಇನ್ ಕೀ ಎಂಬ ಸಾಫ್ಟ್‌ವೇರ್ ಮೂಲಕ ಊರೂರಿಗೆ ಹೋಯಿತು. ನೋಡಲು ಗೋಡೆ ಗಡಿಯಾರದ ಹಾಗೆ, 1ರಿಂದ 12ರವರೆಗೆ. ಒಳಸುತ್ತು ಎ, ಅದು ಮೈನರ್. ಹೊರಸುತ್ತು ಬಿ, ಅದು ಮೇಜರ್ ಎಂಬ ಇನ್ನೊಂದು ಸ್ವರಶ್ರೇಣಿ. ಈ ಎ ಮತ್ತು ಬಿ ಸ್ವರದ ಹೆಸರುಗಳಲ್ಲ, ಸುಮ್ನೆ ಗುರುತು. ಮೊದಲು ನನಗೂ ಗೊಂದಲ ಆಗಿತ್ತು. 8ಎ ಅಂದರೆ ಎ ಮೈನರ್, 8ಬಿ ಅಂದರೆ ಸಿ ಮೇಜರ್. ನಿಯಮ ಸುಲಭ. ನೀವು 8ಎಯಲ್ಲಿ ಇದ್ದರೆ 8ಎಗೇ ಹೋಗಬಹುದು, ಹಿಂದಿನ 7ಎಗೆ ಹೋಗಬಹುದು, ಮುಂದಿನ 9ಎಗೆ ಹೋಗಬಹುದು, ಇಲ್ಲವೇ ಅದೇ ಅಂಕಿಯ 8ಬಿಗೆ. ಈ ನಾಲ್ಕು ಬಾಗಿಲು ತೆರೆದಿರುತ್ತವೆ.

ಚಕ್ರದ ಯೋಚನೆ ಹೊಸದಲ್ಲ. 1728ರಲ್ಲೇ ಜರ್ಮನಿಯ ಹೈನಿಖೆನ್ ಎಲ್ಲಾ ಮೇಜರ್ ಮೈನರ್‌ಗಳನ್ನು ಒಂದು ವೃತ್ತದಲ್ಲಿ ಜೋಡಿಸಿ ಅಚ್ಚು ಹಾಕಿಸಿದ್ದರು. ಡಿಜೆಗಳ ಚಕ್ರ ಆ ಬಗೆಯ ವೃತ್ತಕ್ಕೇ ಅಂಕಿ ಕೊಟ್ಟದ್ದು. ನಮ್ಮ ಕರ್ನಾಟಕ ಸಂಗೀತದ ಮೇಳಕರ್ತ ರಾಗಗಳಲ್ಲೂ ಹನ್ನೆರಡು ಚಕ್ರಗಳಿವೆ. ಅದು ಇದು ಒಂದೇ ಅಂತ ಯಾರಾದರೂ ಹೇಳಿದರೆ ನಂಬಬೇಡಿ. ಅಲ್ಲಿ ಶ್ರುತಿ ಬದಲಾಗುವುದಿಲ್ಲ, ಸ್ವರಸ್ಥಾನ ಬದಲಾಗುತ್ತದೆ.

ಆದರೆ ನಿಜವಾದ ನಂಟು ಬೇರೆ ಕಡೆ ಇದೆ. ಅದು ಗೊತ್ತಾದ ದಿನ ನನಗೆ ರಾತ್ರಿ ನಿದ್ದೆ ಬರಲಿಲ್ಲ.

ಬಿಳಿ ಒಂದನ್ನು ಸ ಮಾಡಿಕೊಂಡು ಶಂಕರಾಭರಣ ನುಡಿಸಿ. ಹಾರ್ಮೋನಿಯಮ್ಮಿನ ಏಳು ಬಿಳಿ ಮನೆಗಳು. ಅದು ಸಿ ಮೇಜರ್, ಚಕ್ರದಲ್ಲಿ 8ಬಿ. ಈಗ ಅವೇ ಬಿಳಿ ಮನೆಗಳನ್ನು ಇಟ್ಟುಕೊಂಡು ಬಿಳಿ ಆರನ್ನು ಸ ಮಾಡಿ. ಅಂದರೆ ಶಂಕರಾಭರಣದ ದ ಈಗ ಸ ಆಯಿತು. ಕೇಳಿಸುವುದು ನಠಭೈರವಿ. ಅದೇ ಎ ಮೈನರ್, 8ಎ. ಇದಕ್ಕೆ ನಮ್ಮ ಸಂಗೀತದಲ್ಲಿ ಗ್ರಹಭೇದ ಅನ್ನುತ್ತಾರೆ. ಒಂದು ಸ್ವರವೂ ಹೆಚ್ಚುಕಡಿಮೆ ಆಗುವುದಿಲ್ಲ. ಕೂತುಕೊಳ್ಳುವ ಸ್ವರ ಮಾತ್ರ ಬೇರೆ. ಡಿಜೆ 8ಎಯಿಂದ 8ಬಿಗೆ ಹೋದಾಗ ಮಾಡುವುದು ಇದನ್ನೇ. ವಿಷಾದದ ಹಾಡೊಂದು ಇಳಿಯುತ್ತಿರುವಾಗ ಅವೇ ಸ್ವರಗಳ ಒಳಗಿಂದ ಬೆಳಕಿನ ಹಾಡೊಂದು ಏಳುತ್ತದೆ. ವಿದ್ವಾಂಸರು ಕಛೇರಿಯಲ್ಲಿ ಗ್ರಹಭೇದ ಮಾಡಿದಾಗ ಸಭೆ ಅರೆಕ್ಷಣ ಉಸಿರು ಹಿಡಿಯುತ್ತದಲ್ಲ, ಅದೇ ಸಂಗತಿ ಶಾಮಿಯಾನದ ಅಡಿಯಲ್ಲೂ ನಡೆಯುತ್ತದೆ. ಕುಣಿಯುವವರಿಗೆ ಅದರ ಹೆಸರು ಬೇಕಾಗಿಲ್ಲ.

ಅಂಕಿ ಒಂದು ಹೆಜ್ಜೆ ಮುಂದೆ ಹೋದರೆ? 8ಬಿಯಿಂದ 9ಬಿ, ಅಂದರೆ ಬಿಳಿ ಒಂದರಿಂದ ಬಿಳಿ ಐದು, 'ಸ'ದಿಂದ 'ಪ'ಕ್ಕೆ. ಏಳರಲ್ಲಿ ಆರು ಸ್ವರ ಹಾಗೆಯೇ ಇರುತ್ತವೆ. ಒಂದು ಮಾತ್ರ ಬದಲಾಗುತ್ತದೆ. ಶುದ್ಧ ಮಧ್ಯಮ ಹೋಗಿ ಪ್ರತಿ ಮಧ್ಯಮ ಬರುತ್ತದೆ, ಅಂದರೆ ಮ ಒಂದು ಮನೆ ಏರುತ್ತದೆ. ಒಂದು ಹೆಜ್ಜೆ ಹಿಂದೆ, 7ಬಿಗೆ ಹೋದರೆ 'ಸ'ದಿಂದ 'ಮ'ಕ್ಕೆ. ಇಲ್ಲೂ ಆರು ಸ್ವರ ಒಂದೇ. ಮಧ್ಯಮ ಶ್ರುತಿ ಅನ್ನುವ ಮಾತು ಸಂಗೀತ ಕಲಿತವರಿಗೆ ಗೊತ್ತು. ಪುನ್ನಾಗವರಾಳಿ, ನಾದನಾಮಕ್ರಿಯೆಯಂಥ ರಾಗಗಳು ತಾರ ಸ್ಥಾಯಿಗೆ ಏರುವುದಿಲ್ಲ. ಅವನ್ನು ಹಾಡುವಾಗ ಮಧ್ಯಮವನ್ನೇ ಸ ಮಾಡಿಕೊಂಡು ಹಾಡುತ್ತಾರೆ. ತಂಬೂರಿಯಲ್ಲಿ ಪ ಇದ್ದ ತಂತಿಯನ್ನು 'ಮ'ಕ್ಕೆ ಇಳಿಸುತ್ತಾರೆ. ಕಛೇರಿಯ ಕೊನೆಗೆ ಶ್ರುತಿ ಹೀಗೆ ಸರಿದರೂ ಕೇಳುವವರಿಗೆ ಬೇರೆ ಮನೆಗೆ ಹೋದ ಹಾಗೆ ಅನಿಸುವುದಿಲ್ಲ. ಅದೇ ಮನೆಯ ಇನ್ನೊಂದು ಕೋಣೆ. ಡಿಜೆ ಒಂದು ಅಂಕಿ ಹಿಂದೆ ಹೋಗುವುದೂ ಅಷ್ಟೇ.

ಇದನ್ನು ಮಾವನಿಗೆ ಹೇಳಿದೆ. ಅವರು ಅಡಿಕೆ ಸುಲಿಯುತ್ತಿದ್ದರು. ತಲೆ ಎತ್ತಲಿಲ್ಲ. "ಮತ್ತೆ ಆ ಅಂಕಿ ಯಾಕೆ ಬೇಕು? ಸ, ಪ, ಮ ಅಂತ ಹೇಳಿದ್ರೆ ಮುಗೀತಲ್ಲ" ಅಂದರು. ಸಾವಿರಗಟ್ಟಲೆ ಹಾಡು ಇದ್ದರೆ, ಯಾವುದು ಯಾವ ಶ್ರುತಿ ಅಂತ ಕತ್ತಲೆಯಲ್ಲಿ ಎರಡು ನಿಮಿಷದೊಳಗೆ ಹುಡುಕಬೇಕಾದರೆ, ಅಂಕಿ ಬೇಕಾಗುತ್ತದೆ. ಅದನ್ನು ಅವರಿಗೂ ಹೇಳಿದೆ. ಒಪ್ಪಿದರು.

ಅಂಕಿಯನ್ನು ಎಷ್ಟು ನಂಬಬೇಕು ಅನ್ನುವುದು ಇನ್ನೊಂದು ಕಥೆ. ಸಾಫ್ಟ್‌ವೇರ್ ಹಾಡನ್ನು ತುಂಡು ತುಂಡು ಮಾಡಿ, ಹನ್ನೆರಡು ಸ್ವರಸ್ಥಾನಗಳಲ್ಲಿ ಯಾವುದು ಎಷ್ಟು ಜೋರಾಗಿದೆ ಅಂತ ಕೂಡಿಸುತ್ತದೆ. ಬಂದ ಲೆಕ್ಕವನ್ನು 24 ಅಚ್ಚುಗಳ ಜೊತೆ ಹೋಲಿಸುತ್ತದೆ, 12 ಮೇಜರ್, 12 ಮೈನರ್. ಯಾವ ಅಚ್ಚಿಗೆ ಹತ್ತಿರವೋ ಅದೇ ಹೆಸರು. ಇಂಥ ಅಚ್ಚುಗಳಲ್ಲಿ ಹೆಸರಾದದ್ದು 1982ರಲ್ಲಿ ಕ್ಯಾರಲ್ ಕ್ರಮ್‌ಹ್ಯಾನ್ಸಲ್ ಮತ್ತು ಎಡ್ವರ್ಡ್ ಕೆಸ್ಲರ್ ಮಾಡಿದ ಪ್ರಯೋಗದಿಂದ ಬಂದದ್ದು. ಕೇಳುಗರಿಗೆ ಪಾಶ್ಚಾತ್ಯ ಸಂಗೀತದ ತುಣುಕು ಕೇಳಿಸಿ, ಅದರ ಹಿಂದೆ ಒಂದೊಂದೇ ಸ್ವರ ನುಡಿಸಿ, ಇದು ಎಷ್ಟು ಹೊಂದುತ್ತದೆ ಅಂತ ಅಂಕ ಕೊಡಿಸಿದರು. ಒಳ್ಳೆಯ ಕೆಲಸ. ಆದರೆ ಆ 24 ಅಚ್ಚುಗಳಲ್ಲಿ ಮಾಯಾಮಾಳವಗೌಳ ಇಲ್ಲ. ತೋಡಿ ಇಲ್ಲ. ನಮ್ಮ ಭಕ್ತಿಗೀತೆಯನ್ನೋ ಹಳೆಯ ಸಿನಿಮಾ ಹಾಡನ್ನೋ ಕೊಟ್ಟರೆ ಅದು ಹತ್ತಿರದ ಯಾವುದೋ ಅಚ್ಚಿಗೆ ತಳ್ಳಿ ಒಂದು ಅಂಕಿ ಬರೆದುಬಿಡುತ್ತದೆ. ಗೊತ್ತಿಲ್ಲ ಅಂತ ಬರೆಯುವುದಿಲ್ಲ.

ಕಲ್ಯಾಣಿಯ ಉದಾಹರಣೆ ಕೊಡುತ್ತೇನೆ. ಬಿಳಿ ಒಂದರ ಕಲ್ಯಾಣಿ ಮತ್ತು ಬಿಳಿ ಐದರ ಶಂಕರಾಭರಣ ಎರಡಕ್ಕೂ ಅವೇ ಏಳು ಮನೆ. ಕಲ್ಯಾಣಿಯಲ್ಲಿರುವ ಹಾಡನ್ನು ಸಾಫ್ಟ್‌ವೇರ್ 9ಬಿ ಅನ್ನಬಹುದು, ಅಂದರೆ ಜಿ ಮೇಜರ್. ಸ್ವರಗಳ ಲೆಕ್ಕದಲ್ಲಿ ತಪ್ಪಿಲ್ಲ. ಆದರೆ ಹಾಡು ವಿಶ್ರಾಂತಿಗೆ ಬಂದು ಕೂರುವುದು ಬಿಳಿ ಒಂದರಲ್ಲಿ. ಅಂಕಿ ನಂಬಿ ಅದರ ಮೇಲೆ 10ಬಿಯ ಹಾಡು ತಂದರೆ, ಒಂದರ ಸ ಬಿಳಿ ಒಂದು, ಇನ್ನೊಂದರ ಸ ಬಿಳಿ ಎರಡು. ಬೇಸಿನಲ್ಲಿ ಎರಡೂ ತಮ್ಮ ತಮ್ಮ 'ಸ'ವನ್ನು ಬಡಿಯುತ್ತವೆ. ಅಲ್ಲಿ ಜಗಳ ಶುರು.

ಹಾಗಾಗಿ ನಾನು ಪ್ರತಿ ಹಾಡನ್ನೂ ಒಮ್ಮೆ ಕೂತು ಕೇಳುತ್ತೇನೆ. ಮೊಬೈಲಿನಲ್ಲಿ ತಂಬೂರಿಯ ಆ್ಯಪ್ ಇದೆ. ಹಾಡು ಎಲ್ಲಿ ಬಂದು ನಿಲ್ಲುತ್ತದೆ ಅಂತ ಗುನುಗಿ ನೋಡುತ್ತೇನೆ. ಆ ಸ್ವರಕ್ಕೆ ತಂಬೂರಿ ಇಡುತ್ತೇನೆ. ಪ ಹಿತವಾಗಿ ಕೂತರೆ ಸರಿ. ಒಂದು ನೋಟ್‌ಬುಕ್ ಮಾಡಿಕೊಂಡಿದ್ದೇನೆ. ಅದರಲ್ಲಿ ಹಾಡಿನ ಎದುರು ಬಿಳಿಯೋ ಕಪ್ಪೋ, ಎಷ್ಟನೆಯದು, ರಾಗ ಗೊತ್ತಿದ್ದರೆ ರಾಗ, ಹಾಡಿದ್ದು ಹೆಣ್ಣೋ ಗಂಡೋ, ಬರೀ ವಾದ್ಯ ಇರುವ ಜಾಗ ಎಷ್ಟು ಆವರ್ತ, ಇಷ್ಟು ಬರೆಯುತ್ತೇನೆ. ನೋಟ್‌ಬುಕ್ಕಿಗೆ ಈಗ ಅಡಿಕೆಯ ಕಲೆಯೂ ಆಗಿದೆ. ಹಗಲು ತೋಟದ ಕೆಲಸದ ನಡುವೆ ಹೆಡ್‌ಫೋನ್ ಹಾಕಿ ಕೇಳುವುದು ಜಾಸ್ತಿ.

ಹೀಗೆ ಬರೆಯುತ್ತಾ ಹೋದಾಗ ಮೋಹನ ರಾಗದ ಗುಟ್ಟು ಸಿಕ್ಕಿತು. ಮೋಹನದಲ್ಲಿ ಸ ರಿ ಗ ಪ ದ, ಐದೇ ಸ್ವರ. ಮ ಇಲ್ಲ, ನಿ ಇಲ್ಲ. ಚಕ್ರದಲ್ಲಿ ಒಂದು ಹೆಜ್ಜೆ ಮುಂದೆ ಹೋದರೆ ಬದಲಾಗುವುದು ಮ. ಒಂದು ಹೆಜ್ಜೆ ಹಿಂದೆ ಹೋದರೆ ಬದಲಾಗುವುದು ನಿ. ಜಗಳ ಆಗಬಹುದಾದ ಎರಡು ಸ್ವರಗಳೂ ಮೋಹನದಲ್ಲಿ ಇಲ್ಲವೇ ಇಲ್ಲ! ಆದ್ದರಿಂದ ಬಿಳಿ ಒಂದರ ಮೋಹನದ ಹಾಡು 7ಬಿ, 8ಬಿ, 9ಬಿ ಮೂರರ ಪಕ್ಕದಲ್ಲೂ ಸುಖವಾಗಿ ಕೂರುತ್ತದೆ. ಯಕ್ಷಗಾನದಲ್ಲಿ ಮೋಹನ ಮತ್ತೆ ಮತ್ತೆ ಬರುತ್ತದೆ. ಸಿನಿಮಾ ಹಾಡುಗಳಲ್ಲಿ, ಜಾನಪದದಲ್ಲಿ, ಐದು ಸ್ವರದ ಧಾಟಿಗಳಿಗೆ ಲೆಕ್ಕವೇ ಇಲ್ಲ. ನನ್ನ ಪೆನ್‌ಡ್ರೈವಿನಲ್ಲಿ ಮೋಹನಕ್ಕೆ ಅಂತಲೇ ಒಂದು ಫೋಲ್ಡರ್ ಇದೆ. ಎಲ್ಲಿಂದ ಎಲ್ಲಿಗೆ ಹೋಗಬೇಕಾದರೂ ಮೊದಲು ಅದನ್ನು ತೆರೆದು ನೋಡುತ್ತೇನೆ.

ಕಾಸರಗೋಡಿನಲ್ಲಿ ಇದು ಯಾಕೆ ಇಷ್ಟು ಬೇಕಾಗುತ್ತದೆ ಅಂದರೆ, ಇಲ್ಲಿ ಒಂದೇ ಭಾಷೆಯಲ್ಲಿ ಒಂದು ಸಂಜೆ ಕಳೆಯುವುದಿಲ್ಲ. ಸಪ್ತಭಾಷಾ ಸಂಗಮ ಅಂತ ನಮ್ಮ ಊರನ್ನು ಕರೆಯುವುದು ಭಾಷಣಕ್ಕೆ ಮಾತ್ರ ಅಲ್ಲ. ಒಂದು ಮದುವೆಯಲ್ಲಿ ಮದುಮಗನ ಕಡೆಯವರು ತುಳು ಮಾತಾಡುತ್ತಾರೆ, ಮದುಮಗಳ ಕಡೆಯವರು ಕನ್ನಡ. ಕೆಲಸದ ಜಾಗದ ಗೆಳೆಯರು ಮಲಯಾಳಂ. ಪಕ್ಕದ ಮನೆಯವರು ಬ್ಯಾರಿ. ಮಂಗಳೂರಿಂದ ಬಂದ ನಾಲ್ಕು ಜನ ಕೊಂಕಣಿ ಬೈಲಾ ಕೇಳುತ್ತಾರೆ. ಮಕ್ಕಳಿಗೆ ತಮಿಳಿನ ಹೊಸ ಹಾಡು ಬೇಕು. ಪ್ರತಿಯೊಬ್ಬರೂ ತಮ್ಮ ಹಾಡು ಬರುವುದನ್ನು ಕಾಯುತ್ತಾ ಇರುತ್ತಾರೆ. ಒಂದು ಭಾಷೆಯಿಂದ ಇನ್ನೊಂದಕ್ಕೆ ಹೋಗುವಾಗ ಹಾಡು ತಟ್ಟನೆ ಕಡಿದರೆ, ಕುಣಿಯುತ್ತಿದ್ದ ಒಂದು ಗುಂಪು ಕೂತುಕೊಳ್ಳುತ್ತದೆ, ಇನ್ನೊಂದು ಏಳುತ್ತದೆ. ಶ್ರುತಿ ಸೇರಿಸಿ ದಾಟಿಸಿದರೆ ಮೊದಲ ಗುಂಪು ಏಳು ಎಂಟು ಸೆಕೆಂಡು ಗೊತ್ತಿಲ್ಲದೇ ಎರಡನೆಯ ಹಾಡಿನೊಳಗೆ ಕುಣಿದಿರುತ್ತದೆ. ಆಮೇಲೆ ಕೂರುವುದಿಲ್ಲ. ತುಳುವಿನವರು ಮಲಯಾಳಂ ಹಾಡಿಗೆ, ಬ್ಯಾರಿಯವರು ಕನ್ನಡ ಹಾಡಿಗೆ ಕುಣಿಯುವುದನ್ನು ನಾನು ಎಷ್ಟೋ ಸಲ ನೋಡಿದ್ದೇನೆ. ನನಗೆ ಈ ಕೆಲಸದಲ್ಲಿ ಎಲ್ಲಕ್ಕಿಂತ ಇಷ್ಟ ಅದನ್ನು ನೋಡುವುದು.

ಹಳೆಯ ಹಾಡುಗಳದ್ದು ಬೇರೆ ಕಷ್ಟ. ಕ್ಯಾಸೆಟ್ಟಿನಿಂದ ತೆಗೆದ ಹಾಡು ಎಷ್ಟೋ ಸಲ ಬಿಳಿಗೂ ಕಪ್ಪಿಗೂ ನಡುವೆ ಎಲ್ಲೋ ಇರುತ್ತದೆ. ಟೇಪ್ ಸ್ವಲ್ಪ ಬೇಗ ಓಡಿದ್ದರೆ ಶ್ರುತಿ ಮೇಲೆ, ನಿಧಾನ ಓಡಿದ್ದರೆ ಕೆಳಗೆ. ಅಂಕಿ ಒಂದೇ ಇದ್ದರೂ ನಡುಕ ಇರುತ್ತದೆ. ಇಲ್ಲಿ ಹಳೆಯ ಪ್ಲೇಟಿನ ಕಾಲದ ಲೆಕ್ಕ ನೆರವಿಗೆ ಬರುತ್ತದೆ. ವೇಗವನ್ನು ಸುಮಾರು 6 ಶೇಕಡಾ ಹೆಚ್ಚಿಸಿದರೆ ಶ್ರುತಿ ಒಂದು ಮನೆ ಮೇಲೆ ಹೋಗುತ್ತದೆ. ಡಿಜೆಗಳ ಪ್ರೀತಿಯ ಟೆಕ್ನಿಕ್ಸ್ ಎಸ್‌ಎಲ್-1200 ಎಂಕೆ2 ಎಂಬ ಪ್ಲೇಟು ತಿರುಗಿಸುವ ಯಂತ್ರ ಬಂದದ್ದು 1979ರಲ್ಲಿ. ಅದರಲ್ಲಿ ವೇಗ ಬದಲಿಸುವ ಜಾರುಗುಂಡಿ 8 ಶೇಕಡಾ ಮೇಲೆ, 8 ಶೇಕಡಾ ಕೆಳಗೆ ಹೋಗುತ್ತಿತ್ತು. ಆ ಕಾಲದಲ್ಲಿ ತಾಳ ಕೂರಿಸಲು ಹೋದರೆ ಶ್ರುತಿ ಸರಿಯುತ್ತಿತ್ತು. ಈಗ ಕೀ ಲಾಕ್ ಗುಂಡಿ ಒತ್ತಿದರೆ ವೇಗ ಬದಲಾದರೂ ಶ್ರುತಿ ಅಲ್ಲೇ ನಿಲ್ಲುತ್ತದೆ. ನಾನು ಹಳೆಯ ಹಾಡಿಗೆ ಕೀ ಲಾಕ್ ತೆಗೆದು, ಅರ್ಧ ಮುಕ್ಕಾಲು ಶೇಕಡಾ ವೇಗ ಆಡಿಸಿ, ನಡುಕ ನಿಲ್ಲುವವರೆಗೆ ತರುತ್ತೇನೆ. ಆಮೇಲೆ ಲಾಕ್. ಮಾವ ಮದ್ದಳೆಯ ಅಂಚಿಗೆ ಬಡಿಯುವಾಗ ಕೇಳುತ್ತಿದ್ದದ್ದನ್ನೇ ಇಲ್ಲಿ ನಾನೂ ಕೇಳುತ್ತೇನೆ. ಹೆಡ್‌ಫೋನಿನ ಒಂದು ಕಿವಿಯಲ್ಲಿ ಒಂದು ಹಾಡು, ಇನ್ನೊಂದು ಕಿವಿಗೆ ಹೊರಗಿನದು.

ಯಂತ್ರದಲ್ಲೇ ಶ್ರುತಿ ಏರಿಸಿ ಇಳಿಸುವ ಸೌಲಭ್ಯ ಈಗ ಇದೆ. ಒಂದು ಮನೆ ಸರಿಸಿದರೆ ಪರವಾಗಿಲ್ಲ. ಮೂರು ನಾಲ್ಕು ಮನೆ ಸರಿಸಿದರೆ ಹಾಡಿದವರ ಗಂಟಲೇ ಬದಲಾಗುತ್ತದೆ. ಪ್ರೀತಿಯ ಗಾಯಕರ ದನಿಯನ್ನು ಜನ ನೂರು ಸಲ ಕೇಳಿರುತ್ತಾರೆ. ಅದು ಬದಲಾದರೆ ಅವರಿಗೆ ತಕ್ಷಣ ಗೊತ್ತಾಗುತ್ತದೆ. ನಾನು ಮಾಡುವುದಿಲ್ಲ.

ಇನ್ನೊಂದು ವಿಷಯವನ್ನು ನಾನು ಸುರಂಗದಿಂದ ಕಲಿತೆ. ನಮ್ಮ ಮನೆಯ ಹಿಂದೆ ಗುಡ್ಡದಲ್ಲಿ ಒಂದು ಸುರಂಗ ಇದೆ. ಮುರಕಲ್ಲನ್ನು ಅಡ್ಡಕ್ಕೆ ಕೊರೆದು ನೀರು ತರುವ ಸುರಂಗ, ನಮ್ಮ ಊರುಗಳ ಎಷ್ಟೋ ತೋಟಗಳಲ್ಲಿ ಇರುವಂಥದ್ದು. ಮಕ್ಕಳಾಗಿದ್ದಾಗ ಒಳಗೆ ಹೋಗಿ ಹೂಂ ಅಂತ ಗುನುಗುತ್ತಿದ್ದೆವು. ಸ್ವರ ಮೆಲ್ಲ ಏರಿಸುತ್ತಾ ಹೋದರೆ ಒಂದು ಕಡೆ ಇಡೀ ಸುರಂಗ ತಾನೇ ಹಾಡಿದ ಹಾಗೆ ತುಂಬಿಕೊಳ್ಳುತ್ತಿತ್ತು. ಅದು ಗೋಡೆಗಳ ನಡುವಿನ ಅಗಲಕ್ಕೆ ಒಪ್ಪುವ ಸ್ವರ. ಸಭಾಭವನಗಳಿಗೂ ಹೀಗೆಯೇ ಒಂದೊಂದು ಸ್ವರ ಇರುತ್ತದೆ. ತಗಡಿನ ಮಾಡಿನ ಒಂದು ಹಾಲ್‌ನಲ್ಲಿ ಬಿಳಿ ಐದರ ಬೇಸು ಬಂದರೆ ಸಾಕು, ಎದೆ ಗುಡುಗುಡು ಅನ್ನುತ್ತದೆ, ಬೇರೆ ಯಾವುದೂ ಕೇಳಿಸುವುದಿಲ್ಲ. ಅಲ್ಲಿ ಬಿಳಿ ಐದರ ಹಾಡಿನಿಂದ ಇನ್ನೊಂದಕ್ಕೆ ಹೋಗುವಾಗ ಬೇಸನ್ನು ಮೊದಲೇ ಇಳಿಸಿಬಿಡುತ್ತೇನೆ. ಬೇರೆ ಕಡೆಗಳಲ್ಲೂ ಎರಡು ಹಾಡಿನ ಬೇಸು ಒಟ್ಟಿಗೆ ಇರಲು ಬಿಡುವುದಿಲ್ಲ. ಒಂದನ್ನು ಪೂರ್ತಿ ತೆಗೆದೇ ಇನ್ನೊಂದನ್ನು ಕೊಡುತ್ತೇನೆ. ಶ್ರುತಿ ಸೇರಿದರೂ ಸೇರದಿದ್ದರೂ ಇದೊಂದು ಅಭ್ಯಾಸ ಇದ್ದರೆ ಅರ್ಧ ಜಗಳ ಕಡಿಮೆ. ಹಾಗೆಯೇ ಇಬ್ಬರ ಹಾಡುಗಾರಿಕೆ ಒಟ್ಟಿಗೆ ಬರಬಾರದು. ಒಂದೇ ಶ್ರುತಿಯಾದರೂ ಮಾತು ಮಾತಿಗೆ ಸಿಕ್ಕಿಕೊಳ್ಳುತ್ತದೆ.

ಹಾಗಾದರೆ ಶ್ರುತಿ ಸೇರದ ಎರಡು ಹಾಡುಗಳನ್ನು ಒಂದರ ಹಿಂದೆ ಒಂದು ಹಾಕಲೇಬಾರದೇ? ಆ ಮಾಪ್ಪಿಳ ಹಾಡು ಮತ್ತು ಆ ತುಳು ಹಾಡು ನನ್ನ ತಲೆಯಿಂದ ಹೋಗಿರಲಿಲ್ಲ. ಎರಡರ ಹುರುಪೂ ಒಂದೇ. ಬೇರೆ ಯಾವ ಜೋಡಿಯೂ ಹಾಗೆ ಸಿಕ್ಕಿರಲಿಲ್ಲ. ಆದರೆ 8ಎ ಮತ್ತು 3ಎ ಗಡಿಯಾರದ ಬೇರೆ ಬೇರೆ ಬದಿ.

ಮಾವನನ್ನೇ ಕೇಳಿದೆ. "ಆಟದಲ್ಲಿ ಭಾಗವತರು ಬದಲಾಗುವಾಗ ನೀವು ಎಂತ ಮಾಡ್ತಿದ್ರಿ?"

ಇದು ಗೊತ್ತಿಲ್ಲದವರಿಗೆ ಹೇಳುತ್ತೇನೆ. ರಾತ್ರಿ ಪೂರ್ತಿ ನಡೆಯುವ ಆಟದಲ್ಲಿ ಒಬ್ಬರೇ ಭಾಗವತರು ಹಾಡುವುದಿಲ್ಲ. ಪೂರ್ವರಂಗಕ್ಕೆ ಸಂಗೀತಗಾರರು ಇರುತ್ತಾರೆ. ಪ್ರಸಂಗ ಮುಂದುವರಿದ ಹಾಗೆ ಮತ್ತೊಬ್ಬರು, ಆಮೇಲೆ ಮುಖ್ಯ ಭಾಗವತರು ಬಂದು ಕೂರುತ್ತಾರೆ. ಒಬ್ಬೊಬ್ಬರ ಶ್ರುತಿ ಒಂದೊಂದು. ಯಕ್ಷಗಾನದ ಪಾರ್ತಿಸುಬ್ಬ ನಮ್ಮ ಕುಂಬಳೆಯವನು ಅಂತ ಹೆಮ್ಮೆಯಿಂದ ಹೇಳುವ ಊರು ಇದು. ಇಲ್ಲಿ ಶ್ರುತಿ ತಪ್ಪಿದರೆ ಚಾಪೆಯಲ್ಲಿ ಮಲಗಿ ಆಟ ನೋಡುವವರೂ ಎದ್ದು ಕೂರುತ್ತಾರೆ.

ಮಾವ ಹೇಳಿದರು. "ಬೇರೆ ಮದ್ದಳೆ ತಯಾರು ಇರ್ತದೆ. ಮೊದಲಿನ ಭಾಗವತರ ಪದ ಮುಗಿದ ಕೂಡ್ಲೆ ಚೆಂಡೆಯವ ಬಿಡ್ತಾನೆ. ವೇಷ ಕುಣೀತದೆ. ಚೆಂಡೆ ಗುಡುಗುವಾಗ ಹಿಂದಿನ ಶ್ರುತಿ ಜನರ ಕಿವಿಯಿಂದ ಹೋಗ್ತದೆ. ಅಷ್ಟರಲ್ಲಿ ನಾನು ಮದ್ದಳೆ ಬದಲು ಮಾಡಿ ಆಯ್ತು. ಹೊಸ ಭಾಗವತರು ಎತ್ತುವಾಗ ಎಲ್ಲ ಹೊಸತು."

ನಾನು ಎದ್ದು ಲ್ಯಾಪ್‌ಟಾಪ್ ತಂದೆ. 8ಎಯಿಂದ 3ಎಗೆ ಅಂದರೆ ಏಳು ಅಂಕಿ ಮುಂದೆ. ಏಳು ಅಂಕಿ ಮುಂದೆ ಹೋಗುವುದು ಅಂದರೆ ಶ್ರುತಿ ಒಂದೇ ಮನೆ ಏರುವುದು. ಸಿನಿಮಾ ಹಾಡುಗಳಲ್ಲಿ ಕೊನೆಯ ಪಲ್ಲವಿಗೆ ತಟ್ಟನೆ ಶ್ರುತಿ ಒಂದು ಮನೆ ಮೇಲೆ ಹೋಗಿ ಮೈ ಜುಂ ಅನ್ನುವುದು ಇದೇ ಏರಿಕೆಯಿಂದ. ಒಂದರ ಮೇಲೊಂದು ಇಟ್ಟರೆ ಒಡೆಯುವ ಜೋಡಿ, ಒಂದರ ಹಿಂದೊಂದು ಇಟ್ಟರೆ ಏರು ಪದದ ಹಾಗೆ ಏರುತ್ತದೆ. ನಾನು ಆ ದಿನ ಮಾಡಿದ ತಪ್ಪು ಹಾಡುಗಳ ಆಯ್ಕೆಯಲ್ಲಿ ಇರಲಿಲ್ಲ. ಆ 16 ಸೆಕೆಂಡಿನಲ್ಲಿ ಇತ್ತು.

ಊರಿನ ಒಬ್ಬ ಚೆಂಡೆಯವರನ್ನು ಕೇಳಿಕೊಂಡು, 120ರ ವೇಗಕ್ಕೆ ಸರಿಯಾಗಿ ನಾಲ್ಕು ಆವರ್ತ ಚೆಂಡೆ ರೆಕಾರ್ಡ್ ಮಾಡಿಕೊಂಡೆ. ಮನೆಯಲ್ಲಿ ಎರಡು ವಾರ ಅಭ್ಯಾಸ ಮಾಡಿದೆ. ಮಾಪ್ಪಿಳ ಹಾಡಿನ ಕೊನೆಯ ಸಾಲು 'ಸ'ಕ್ಕೆ ಬಂದು ನಿಲ್ಲಬೇಕು. ನಿಂತ ಕೂಡಲೇ ಚೆಂಡೆ. 16 ಪೆಟ್ಟು, ಎಂಟು ಸೆಕೆಂಡು. ಆಮೇಲೆ ತುಳು ಹಾಡು ನೇರವಾಗಿ ಪಲ್ಲವಿಯಿಂದ.

ಬದಿಯಡ್ಕದ ಹತ್ತಿರದ ಒಂದು ಮದುವೆಮನೆಯಲ್ಲಿ ಅದನ್ನು ಮೊದಲ ಸಲ ಮಾಡಿದೆ. ರಾತ್ರಿ 10ರ ನಂತರ ಧ್ವನಿವರ್ಧಕ ಹಾಕುವಂತಿಲ್ಲ. ನಾನು ಆ ನಿಯಮವನ್ನು ಮೀರುವುದಿಲ್ಲ. ಆಗ ಗಂಟೆ 9.50. ಇನ್ನು ಎರಡು ಹಾಡಿಗೆ ಮಾತ್ರ ಹೊತ್ತು. ಮಾಪ್ಪಿಳ ಹಾಡು ಬಂದು ನಿಂತಿತು. ಚೆಂಡೆ ಬಿತ್ತು. ಅಂಗಳದ ಅಂಚಿನಲ್ಲಿ ಕೂತಿದ್ದ ಅಜ್ಜಂದಿರು ಆಟ ಶುರುವಾಯಿತೋ ಅಂತ ತಿರುಗಿ ನೋಡಿದರು. ಒಬ್ಬ ಹುಡುಗ ಯಕ್ಷಗಾನದ ವೇಷದ ಹಾಗೆ ಗಿರಗಿರ ಧೀಂಗಿಣ ಹಾಕಲು ಶುರುಮಾಡಿದ. ಸುತ್ತ ಜಾಗ ಬಿಟ್ಟುಕೊಟ್ಟರು. ಎಂಟನೆಯ ಸೆಕೆಂಡಿಗೆ ತುಳು ಹಾಡು ಒಂದು ಮನೆ ಮೇಲಿಂದ ಇಳಿಯಿತು. ಯಾರ ಕೈಯೂ ಕೆಳಗೆ ಬರಲಿಲ್ಲ.

ವಾಪಸು ಬರುವಾಗ ಮಾವ ಕಾರಿನಲ್ಲಿ ತುಂಬಾ ಹೊತ್ತು ಮಾತಾಡಲಿಲ್ಲ. ಮಳೆ ಸಣ್ಣಗೆ ಬರುತ್ತಿತ್ತು. ನೀರ್ಚಾಲು ದಾಟಿದ ಮೇಲೆ ಕೇಳಿದರು.

"ಅದು ಕಪ್ಪು ಐದು ಅಲ್ವಾ? ಆವತ್ತಿನದ್ದೇ ಹಾಡು."

"ಹೌದು ಮಾವ."

"ಹೂಂ." ಸ್ವಲ್ಪ ಹೊತ್ತು ಬಿಟ್ಟು ತೊಡೆಯ ಮೇಲೆ ಬೆರಳಲ್ಲಿ ಚೆಂಡೆಯ ಪೆಟ್ಟು ಎಣಿಸಿ ನೋಡಿದರು. "ಚೆಂಡೆ ಒಂದು ಆವರ್ತ ಜಾಸ್ತಿ ಆಯ್ತು."

ಮರುದಿನ ಬೆಳಿಗ್ಗೆ ತೋಟಕ್ಕೆ ಹೋಗುವ ಮೊದಲು ಆ ರೆಕಾರ್ಡಿಂಗ್ ತೆರೆದೆ. ನಾಲ್ಕು ಆವರ್ತವನ್ನು ಮೂರು ಮಾಡಿದೆ. ಮಾವನನ್ನು ಕರೆದು ಹೆಡ್‌ಫೋನ್ ಕೊಟ್ಟೆ. ಅವರು ಕಣ್ಣು ಮುಚ್ಚಿ ಕೇಳಿದರು. ಮತ್ತೊಮ್ಮೆ ಹಾಕು ಅಂತ ಕೈಯಲ್ಲೇ ಸನ್ನೆ ಮಾಡಿದರು.